ಎಲ್ಲರೂ ಹೊಗಳಿದ ಖಾರ

ದಾವಣಗೆರೆಯ ಕೆ.ಟಿ.ಜೆ. ನಗರದ ಬಕ್ಕೇಶಪ್ಪನ ಮನೆಯಲ್ಲಿ ಜಗಳ ನಿಂತುಹೋಗಿ ಒಂದು ಮಳೆಗಾಲ, ಒಂದು ಚಳಿಗಾಲ ಕಳೆದಿತ್ತು. ಆ ಓಣಿಯ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. ಬಕ್ಕೇಶಪ್ಪನ ಹೆಂಡತಿ ಅಕ್ಕನಾಗಮ್ಮ, ಸೊಸೆ ವಾಣಿ ಇಬ್ಬರೂ ಬಾಯಲ್ಲಿ ಒಬ್ಬರಿಗೊಬ್ಬರು ಕಡಿಮೆಯಿಲ್ಲದವರು. ಬೆಳಿಗ್ಗೆ ಹಾಲು ಉಕ್ಕಿಸಿದ್ದು ಯಾರು ಎಂಬಲ್ಲಿ ಶುರುವಾದದ್ದು ಸಂಜೆ ಒಣಗಿದ ಬಟ್ಟೆ ಮಡಚುವವರೆಗೂ ನಡೆಯುತ್ತಿತ್ತು. ಪಕ್ಕದ ಮನೆಯವರು ಟಿ.ವಿ. ಸೀರಿಯಲ್ಲಿನ ದನಿ ಸಣ್ಣದು ಮಾಡಿ ಇತ್ತ ಕಿವಿ ಕೊಡುತ್ತಿದ್ದರು. ಅತ್ತೆ ಸೊಸೆ ಇಬ್ಬರಿಗೂ ಅದರಿಂದ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು.

ಅಂಥ ಮನೆ ತಣ್ಣಗಾದದ್ದು ಅಕ್ಕನಾಗಮ್ಮನ ಎದೆಯಲ್ಲಿ ಗಂಟು ಸಿಕ್ಕ ಮೇಲೆ. ಆಪರೇಶನ್ ಆಯಿತು, ಕೀಮೋ ಆಯಿತು. ಉದುರಿದ ಕೂದಲು ಎಳೆ ಗರಿಕೆಯಂತೆ ಮತ್ತೆ ಬರತೊಡಗಿತು. ಆಸ್ಪತ್ರೆಯಲ್ಲಿ ಕೌನ್ಸೆಲರ್ ಒಬ್ಬಳು ಮನೆಯವರನ್ನೆಲ್ಲ ಕೂಡಿಸಿಕೊಂಡು, "ಔಷಧಿ ನಾವು ಕೊಡ್ತೀವಿ. ಮನಸ್ಸು ನೀವು ನೋಡ್ಕೊಳ್ರಿ. ಅವರಿಗೆ ನೋವಾಗದ ಹಂಗೆ, ಮುಚ್ಚುಮರೆ ಇಲ್ಲದೆ ಮಾತಾಡ್ರಿ" ಎಂದು ಹೇಳಿ ಕಳಿಸಿದ್ದಳು. ಗಂಡ, ಮಗ, ಸೊಸೆ ಮೂವರೂ ತಲೆಯಾಡಿಸಿದರು. ಮನೆಗೆ ಬರುವ ಹೊತ್ತಿಗೆ ಆ ಮಾತಿನಲ್ಲಿ ಅರ್ಧ ಮಾತ್ರ ಉಳಿದಿತ್ತು. ನೋವಾಗಬಾರದು ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುಚ್ಚುಮರೆ ಇಲ್ಲದೆ ಎಂಬುದನ್ನು ಆಸ್ಪತ್ರೆಯ ಲಿಫ್ಟಿನಲ್ಲೇ ಬಿಟ್ಟು ಬಂದಿದ್ದರು. ಬಕ್ಕೇಶಪ್ಪ ಊಟದ ಮೇಜಿನ ಹತ್ತಿರ ನಿಂತು ಕಾನೂನು ಮಾಡಿದ: "ಇವತ್ತಿನಿಂದ ಅವಳಿಗೆ ಯಾರೂ ಎದುರು ಮಾತಾಡಂಗಿಲ್ಲ."

ವಾಣಿ ಖಾಸಗಿ ಶಾಲೆಯಲ್ಲಿ ಟೀಚರು. ಒಂದು ಸಲ ಕಾನೂನು ಅಂದರೆ ಕಾನೂನು.

"ವಾಣಿ, ಈ ಹಳದಿ ಪರದೆ ಬ್ಯಾಡ ಅಂದಿದ್ದೆ ನಾನು. ಕಣ್ಣಿಗೆ ಹೊಡೆದಂಗೆ ಆಗ್ತದೆ."

"ಹೌದ್ರಿ ಅತ್ತೆ. ತಪ್ಪಾಯ್ತು. ಈಗ್ಲೇ ತೆಗೀತೀನಿ."

ಅಕ್ಕನಾಗಮ್ಮ ಮುಂದಿನ ಮಾತಿಗೆ ಸೆರಗು ಸಿಕ್ಕಿಸಿಕೊಂಡು ಸಜ್ಜಾಗಿದ್ದವಳು ಹಾಗೇ ಕೂತಳು. ಮುಂದಿನ ಮಾತೇ ಇಲ್ಲ. ಪರದೆ ನಿಜಕ್ಕೂ ಹೋಯಿತು. ಅವಳಿಗೆ ಅದರಿಂದ ನಯಾಪೈಸೆಯ ಸಂತೋಷವಾಗಲಿಲ್ಲ.

ಮಾರ್ಚ್ ತಿಂಗಳಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರ ಕೋಣೆಯಿಂದ ಮಗ ಬಸವಕಿರಣ್ ಹೊರಗೆ ಬಂದು, "ಎಲ್ಲ ಕ್ಲೀನ್ ಅಮ್ಮ, ಸೂಪರ್!" ಎಂದು ಹೆಬ್ಬೆರಳೆತ್ತಿದ. ಹಿಂದೆ ಬಂದ ಬಕ್ಕೇಶಪ್ಪನೂ ಎತ್ತಿದ. ಪಾತ್ರೆ ಅಂಗಡಿಯಲ್ಲಿ ನಲವತ್ತು ವರ್ಷ ತಕ್ಕಡಿ ಹಿಡಿದ ಆ ಮನುಷ್ಯ ಯಾರಿಗೂ ಹೆಬ್ಬೆರಳೆತ್ತಿದ್ದನ್ನು ಅವಳು ಕಂಡಿರಲಿಲ್ಲ. ಆಗಲೇ ಅವಳಿಗೆ ಎಲ್ಲೋ ಸ್ವಲ್ಪ ಕಸಿವಿಸಿ.

ಏಪ್ರಿಲ್ ಬಿಸಿಲು ಏರಿದಂತೆ ಓಣಿಯ ಮಾಳಿಗೆಗಳ ಮೇಲೆಲ್ಲ ಮೆಣಸಿನಕಾಯಿ ಹರಡಿತು. ವರ್ಷದ ಖಾರ ಮಾಡುವ ಕಾಲ. ಬ್ಯಾಡಗಿ ಮೆಣಸಿನಕಾಯಿ ಒಣಗಿಸಿ, ತೊಟ್ಟು ಮುರಿದು, ಧನಿಯಾ, ಜೀರಿಗೆ, ಮೆಂತ್ಯ, ಕೊಬ್ಬರಿ ಬೇರೆ ಬೇರೆ ಹುರಿದು, ಉಪ್ಪು ಬೆರೆಸಿ ಗಿರಣಿಯಲ್ಲಿ ಕುಟ್ಟಿಸಿ ತುಂಬಿಟ್ಟರೆ ಮುಂದಿನ ಬೇಸಿಗೆಯವರೆಗೆ ಸಾರು ಪಲ್ಯ ಎಲ್ಲಕ್ಕೂ ಅದೇ. ಅಕ್ಕನಾಗಮ್ಮನ ಖಾರ ಅವಳ ಮನೆಯ ಡಬ್ಬಿಯಲ್ಲಷ್ಟೇ ಇರುತ್ತಿರಲಿಲ್ಲ. ಕುಕ್ಕುವಾಡದ ತಮ್ಮ ಗಿಡ್ಡಪ್ಪನ ಮನೆಗೂ, ಮಲೆಬೆನ್ನೂರಿನ ನಾದಿನಿಯ ಮನೆಗೂ ಹೋಗುತ್ತಿತ್ತು. ಅದಿಲ್ಲದಿದ್ದರೆ ಗಿಡ್ಡಪ್ಪ ಹೆಂಡತಿ ಮಾಡಿದ ಸಾರಿಗೆ ಮೂಗು ಮುರಿಯುತ್ತಿದ್ದ.

"ಈ ವರ್ಷ ಪಾಕೀಟು ತಂದ್ರಾಯ್ತು ಬಿಡಮ್ಮ" ಎಂದ ಬಸವಕಿರಣ್.

"ಪಾಕೀಟಾ?" ಎಂದಳು ಅಕ್ಕನಾಗಮ್ಮ. "ನಾನಿನ್ನೂ ಇಲ್ಲೇ ಅದೀನಲ್ಲೋ."

ಬಕ್ಕೇಶಪ್ಪ ಮಗನಿಗೆ ಕಣ್ಣು ಬಿಟ್ಟ. ಪಾಕೀಟಿನ ಮಾತು ಅಲ್ಲಿಗೆ ಮುಗಿಯಿತು. ಘಾಟು ಕುಡಿಯಬಾರದು ಎಂದು ಮೆಣಸಿನಕಾಯಿ ಹುರಿಯುವ ಕೆಲಸ ವಾಣಿ ವಹಿಸಿಕೊಂಡಳು. ಉಳಿದದ್ದನ್ನು ಅತ್ತೆಯೇ ಮಾಡಲಿ ಎಂದು ತೀರ್ಮಾನವಾಯಿತು. ಮೊದಲು ಸ್ವಲ್ಪ ಮಾಡಿ ನೋಡುವುದು, ಸರಿಹೋದರೆ ದೊಡ್ಡದಾಗಿ ಮಾಡುವುದು.

ಅಕ್ಕನಾಗಮ್ಮ ಖಾರಕ್ಕೆ ಅಳತೆ ಇಟ್ಟವಳಲ್ಲ. ಮೆಂತ್ಯ ಹುರಿಯುವಾಗ ನಡುನಡುವೆ ಒಂದೊಂದು ಕಾಳು ಹಲ್ಲಲ್ಲಿ ಕಡಿದು ನೋಡುತ್ತಿದ್ದಳು. ಕಹಿ ಇಳಿದು ಕಮ್ಮಗಾದ ಗಳಿಗೆಯಲ್ಲಿ ಬಾಣಲೆ ಇಳಿಸಬೇಕು. ಉಪ್ಪೂ ಹಾಗೇ, ಚಿಟಿಕೆ ಪುಡಿ ಅಂಗೈಗೆ, ಅಂಗೈಯಿಂದ ನಾಲಿಗೆಗೆ. ಆ ದಿನ ಕಾಳು ಕಡಿದಳು. ಏನೂ ಇಲ್ಲ. ಇನ್ನೊಂದು ಕಡಿದಳು. ಕಾಗದ ಅಗಿದಂತಿತ್ತು.

ಕೀಮೋ ಶುರುವಾದಾಗ ಹೋದ ನಾಲಿಗೆಯ ರುಚಿ ಅವಳಿಗೆ ವಾಪಸು ಬಂದಿರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅಡಿಗೆಮನೆ ಕಾಯಂ ಆಗಿ ಕೈತಪ್ಪುತ್ತಿತ್ತು. ವಾಣಿ ಬಡಿಸಿದ್ದನ್ನೆಲ್ಲ "ಚೆನ್ನಾಗೈತೆ" ಎಂದು ಉಂಡು ಏಳುತ್ತಿದ್ದಳು. ಈಗ ಬಾಣಲೆಯ ಮುಂದೆ ನಿಂತು, ಇಷ್ಟು ವರ್ಷದ ಕೈ ಎಲ್ಲಿಗೆ ಹೋಗುತ್ತದೆ ಎಂದುಕೊಂಡು ಅಂದಾಜಿನ ಮೇಲೆ ಹುರಿದಳು. ಮೆಂತ್ಯ ಹದ ಮೀರಿ ಸೀಯಿತು. ಉಪ್ಪು ಹಾಕಿದೆನೋ ಇಲ್ಲವೋ ನಾಲಿಗೆ ಹೇಳಲಿಲ್ಲವಾಗಿ, ಇರಲಿ ಎಂದು ಇನ್ನೊಂದು ಸಲ ಹಾಕಿದಳು.

ಮಧ್ಯಾಹ್ನ ಹೊಸ ಖಾರದ ಸಾರು. ಮೂವರ ತಟ್ಟೆಗೂ ತಾನೇ ಬಡಿಸಿ ಎದುರಿಗೆ ಕೂತಳು.

ಬಕ್ಕೇಶಪ್ಪ ಮೊದಲ ತುತ್ತು ಬಾಯಿಗಿಟ್ಟ. ಅವನ ಕಣ್ಣು ಮಗನ ಕಡೆ ಹೋಯಿತು, ಮಗನದು ಹೆಂಡತಿಯ ಕಡೆ. ವಾಣಿ ನೀರಿನ ಲೋಟ ಎತ್ತಿ ಇಳಿಸಲೇ ಇಲ್ಲ.

"ಹೆಂಗೈತೆ?"

"ಆಹಾ!" ಎಂದ ಬಕ್ಕೇಶಪ್ಪ. ದನಿ ಎಲ್ಲೋ ಗಂಟಲಿನ ತಳದಿಂದ ಬಂತು.

"ಸೂಪರ್ ಅಮ್ಮ" ಎಂದ ಮಗ, ಬೇವು ಅಗಿದ ಮುಖದಲ್ಲಿ.

"ನೀನ್ ಹೇಳು ವಾಣಿ. ನಿನ್ನ ಬಾಯಿಗೆ ನನ್ನ ಅಡಿಗೆ ಯಾವತ್ತೂ ಹಿಡಿಸಿದ್ದಿಲ್ಲ."

ವಾಣಿ ನುಂಗಿದಳು. "ಬಾಳ ಚೆನ್ನಾಗೈತೆ ಅತ್ತೆ. ಹೋದ ವರ್ಷದಕ್ಕಿಂತ ಚೆನ್ನಾಗೈತೆ."

ಆ ಕೊನೆಯ ಮಾತನ್ನು ಅವಳು ಆಡಬಾರದಿತ್ತು. ಅಕ್ಕನಾಗಮ್ಮನ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಒಂದು ಕೆಲಸ ತನ್ನ ಕೈಯಿಂದ ಸರಿಯಾಗಿ ಆಗಿದೆ ಎನ್ನಿಸಿತು ಅವಳಿಗೆ. ಒಂದು ವಾರದಲ್ಲಿ ಅದೇ ಹದದಲ್ಲಿ ದೊಡ್ಡ ಖಾರ ಆಯಿತು. ಗಿರಣಿಯಿಂದ ಡಬ್ಬಿಗಟ್ಟಲೆ ಬಂತು. ಕುಕ್ಕುವಾಡಕ್ಕೂ ಹೋಯಿತು, ಮಲೆಬೆನ್ನೂರಿಗೂ ಹೋಯಿತು.

ಆ ಊರುಗಳಲ್ಲಾದರೂ ಒಬ್ಬ ಒರಟ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಬಕ್ಕೇಶಪ್ಪ ಖಾರಕ್ಕಿಂತ ಮೊದಲೇ ಎಲ್ಲರಿಗೂ ಫೋನು ಮಾಡಿ, "ಅವಳ ಮನಸ್ಸಿಗೆ ನೋವಾಗ್ಬಾರ್ದು" ಎಂದು ಹೇಳಿಟ್ಟಿದ್ದ. ಗಿಡ್ಡಪ್ಪ ಅಕ್ಕನಿಗೆ ಫೋನು ಮಾಡಿದ.

"ಅಕ್ಕಾ, ಇಂಥ ಖಾರ ನಾನು ಹುಟ್ಟಿದಾಗಿಂದ ತಿಂದಿಲ್ಲ ಬಿಡು."

"ಖರೇನೇನೋ?"

"ನಿನ್ನಾಣೆಗೂ ಖರೆ." ಇಷ್ಟಕ್ಕೆ ನಿಲ್ಲಿಸಿದ್ದರೆ ಅವನು ಸತ್ಯವಂತನಾಗಿಯೇ ಉಳಿಯುತ್ತಿದ್ದ. ಅಕ್ಕನ ದನಿಯಲ್ಲಿ ಖುಷಿ ಕೇಳಿ ಅವನಿಗೆ ಹುರುಪು ಬಂತು. "ಆಗ್ಲೇ ಖಾಲಿ ಆಗಾಕೆ ಬಂದೈತೆ. ಇನ್ನೊಂದ್ ಡಬ್ಬಿ ಕಳ್ಸು."

ಮಲೆಬೆನ್ನೂರಿನ ನಾದಿನಿ ಎರಡು ಡಬ್ಬಿ ಕೇಳಿದಳು. ಯಾರೂ ಯಾರಿಗೂ ಕಡಿಮೆ ಬೀಳಲು ತಯಾರಿರಲಿಲ್ಲ.

"ಇನ್ನೊಂದ್ ಸಲ ಮೆಣಸಿನಕಾಯಿ ತರ್ರಿ" ಎಂದಳು ಅಕ್ಕನಾಗಮ್ಮ. ಬಕ್ಕೇಶಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಇತ್ತ ಮನೆಯಲ್ಲಿ ಊಟದ ಪಾಡು ಹೇಳತೀರದು. ಬಸವಕಿರಣ್ ಅಂಗಡಿಯ ಹತ್ತಿರವೇ ಮಂಡಕ್ಕಿ ಮಿರ್ಚಿ ತಿಂದು ಬರತೊಡಗಿದ. ಬಕ್ಕೇಶಪ್ಪ ದಿನಾ ಬೆಣ್ಣೆ ದೋಸೆ ತಿಂದು, ಬಾಯಿ ಮುಕ್ಕಳಿಸಿ, ಹಸಿದವನ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದ. ವಾಣಿಗೆ ಬೇಸಿಗೆ ರಜೆ. ಹೊರಗೆ ಹೋಗುವ ನೆಪವೂ ಇಲ್ಲದೆ ಮೂರು ಹೊತ್ತೂ ಮೊಸರನ್ನ ತಿಂದು, "ಸೆಖೆ ಅತ್ತೆ, ಇದೇ ಸೇರ್ತದೆ" ಎನ್ನುತ್ತಿದ್ದಳು. ಮೂವರೂ ಅಡಿಗೆಮನೆಯಲ್ಲಿ ತಲೆ ಕೂಡಿಸಿ ಪಿಸುಗುಡುತ್ತಿದ್ದರು. ಎರಡನೇ ಸಲದ ಖಾರ ತಪ್ಪಿಸುವುದು ಹೇಗೆ ಎಂಬುದೇ ಮಾತು. ಅಕ್ಕನಾಗಮ್ಮ ಒಳಗೆ ಕಾಲಿಟ್ಟರೆ ಮೂವರಿಗೂ ಒಮ್ಮೆಲೇ ಹವಾಮಾನದ ಮೇಲೆ ಆಸಕ್ತಿ ಹುಟ್ಟುತ್ತಿತ್ತು.

ಅವಳ ನಾಲಿಗೆ ಸತ್ತಿರಬಹುದು, ಕಣ್ಣು ಸತ್ತಿರಲಿಲ್ಲ. ಸಾರಿನ ಪಾತ್ರೆ ಇಟ್ಟಷ್ಟೇ ಇರುತ್ತದೆ. ಯಾರೂ ಉಣ್ಣುತ್ತಿಲ್ಲ. ಕೂಡಿ ಪಿಸುಗುಡುತ್ತಾರೆ, ತನ್ನನ್ನು ಕಂಡರೆ ನಗುತ್ತಾರೆ. ಖಾರ ಚೆನ್ನಾಗಿಲ್ಲ ಎಂಬುದು ಅವಳ ತಲೆಗೆ ಹೊಳೆಯುವಂತೆಯೇ ಇರಲಿಲ್ಲ. ಊರೂರಿನವರು ಹೊಗಳಿದ ಖಾರ ಅದು. ಅವಳಿಗೆ ಹೊಳೆದದ್ದು ಒಂದೇ. ಸ್ಕ್ಯಾನಿನಲ್ಲಿ ಏನೋ ಬಂದಿದೆ. ಅದನ್ನು ಎದೆಯಲ್ಲಿಟ್ಟುಕೊಂಡು ಇವರಿಗೆ ತುತ್ತು ಇಳಿಯುತ್ತಿಲ್ಲ.

ಒಂದು ದಿನ ಬಕ್ಕೇಶಪ್ಪ ಅಂಗಡಿಗೆ ಹೊರಟಾಗ ತಡೆದು ಕೇಳಿಯೇಬಿಟ್ಟಳು.

"ಏನ್ರೀ, ನಂಗೆ ಏನಾಗೈತೆ ಖರೆ ಹೇಳ್ರಿ."

"ನಿಂಗೇನಾಗೈತೆ? ಬಂಗಾರದಂಗೆ ಅದೀಯ."

"ನನ್ನ ಮಕ ನೋಡಿ ಹೇಳ್ರಿ."

ಬಕ್ಕೇಶಪ್ಪ ಚಪ್ಪಲಿ ನೋಡುತ್ತಾ ಹೇಳಿದ, "ಎಲ್ಲ ಕ್ಲೀನ್ ಐತೆ." ಅವನಿಗೆ ಆ ಹೊತ್ತಿನಲ್ಲಿ ಹೊಟ್ಟೆಯೊಳಗೆ ನಿನ್ನೆಯ ಸಾರು ಉರಿಯುತ್ತಿತ್ತು. ಆ ಮುಖ ಕಂಡು ಅವಳ ಅನುಮಾನ ಗಟ್ಟಿಯಾಯಿತು. ಗಂಡ ಹೋದ ಮೇಲೆ ದೇವರ ಮನೆಯಲ್ಲಿ ಕೂತು ಅತ್ತಳು. ಸಾಯುವುದಕ್ಕಿಂತ, ತಾನು ಸಾಯುವ ವಿಷಯ ತನ್ನೊಬ್ಬಳನ್ನು ಬಿಟ್ಟು ಇಡೀ ಮನೆಗೆ ಗೊತ್ತಿದೆಯಲ್ಲ ಎಂಬುದು ಅವಳಿಗೆ ಹೆಚ್ಚು ಉರಿಯಿತು.

ಈ ಉರಿಯನ್ನು ಹೇಳಿಕೊಳ್ಳಲು ಅವಳಿಗೆ ಇದ್ದವಳು ಒಬ್ಬಳೇ, ಹರಿಹರದ ಹಜೀರಾಬೀ. ಇಬ್ಬರೂ ಆಸ್ಪತ್ರೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೀಮೋ ಹಾಕಿಸಿಕೊಂಡವರು. ಹಜೀರಾಬೀಯ ಕೀಮೋ ಮೊದಲೇ ಮುಗಿದಿತ್ತು. ಗಂಡ ಜಮಾಲುದ್ದೀನ್ ಗಾದಿ ಹೊಲಿಯುವವನು. ಅವಳ ಬಾಯಿಗೂ ಅವನ ಗಾದಿ ಸೂಜಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ನರ್ಸುಗಳೇ ಅನ್ನುತ್ತಿದ್ದರು.

ಮರುದಿನ ವಾಣಿ ಸ್ನಾನಕ್ಕೆ ಹೋದದ್ದೇ ತಡ, ಅಕ್ಕನಾಗಮ್ಮ ಒಂದು ಡಬ್ಬಿ ಖಾರ ಚೀಲಕ್ಕೆ ಹಾಕಿಕೊಂಡು ಹರಿಹರದ ಬಸ್ಸು ಹತ್ತಿದಳು. ಕಾಯಿಲೆ ಬಿದ್ದ ಮೇಲೆ ಒಬ್ಬಳೇ ಗೇಟು ದಾಟಿದ್ದು ಅದೇ ಮೊದಲು. ಕಂಡಕ್ಟರು, "ಏ ಅಜ್ಜಿ, ಒಳಗ್ ನಡಿ, ಬಾಗಿಲಾಗೆ ನಿಂತ್ಕೋಬ್ಯಾಡ" ಎಂದು ಗದರಿದ. ಅವಳಿಗೆ ಹಿತವೆನ್ನಿಸಿತು.

ಹಜೀರಾಬೀಯ ಮನೆ ಸ್ಟೇಷನ್ ಹತ್ತಿರದ ಓಣಿಯಲ್ಲಿ. ಮುಂದಿನ ಕೋಣೆಯೇ ಅಂಗಡಿ, ತುಂಬ ಹತ್ತಿ. ಜಮಾಲುದ್ದೀನ್ ಕೂತಲ್ಲಿಂದಲೇ, "ಬರ್ರಿ ಅಕ್ಕಾರೆ, ಕೂಡ್ರಿ, ಆ ಗಾದಿ ಮ್ಯಾಲೆ ಕೂಡ್ರಿ, ಅದು ಮಾರಿದ್ದಲ್ಲ" ಎಂದ.

"ಅರೆ, ಒಬ್ಳೇ ಬಂದ್ಯಾ? ಮನ್ಯಾಗೆ ಹೇಳಿ ಬಂದ್ಯೋ, ಓಡಿ ಬಂದ್ಯೋ?" ಎಂದಳು ಹಜೀರಾಬೀ.

"ಓಡಿ ಬಂದೆ."

"ಶಾಬಾಸ್. ಚೀಲದಾಗೆ ಏನೈತೆ?"

"ವರ್ಷದ ಖಾರ. ನಿಂಗಂತ ತಂದೆ."

ಹಜೀರಾಬೀ ಮುಚ್ಚಳ ತೆಗೆದು, ಅಂಗೈಗೆ ಚಿಟಿಕೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಅವಳ ನಾಲಿಗೆ ರಂಜಾನ್ ಹೊತ್ತಿಗೇ ವಾಪಸು ಬಂದಿತ್ತು. ಮುಖ ಕಿವುಚಿ ಎದ್ದು ಬಚ್ಚಲಿಗೆ ಹೋಗಿ ಥೂ ಎಂದು ಉಗಿದು ಬಂದಳು.

"ಯಾ ಅಲ್ಲಾ! ಇದೇನು ಖಾರನಾ, ಹುಳದ ಔಷಧಿನಾ? ಮೆಂತ್ಯ ಸುಟ್ಟು ಬೂದಿ ಮಾಡಿ ಹಾಕೀಯ. ಉಪ್ಪಂತೂ ಸಮುದ್ರ!"

ಅಕ್ಕನಾಗಮ್ಮ ಕಣ್ಣು ಪಿಳಿಪಿಳಿ ಬಿಟ್ಟಳು. "ಸುಳ್ಳು ಹೇಳ್ಬ್ಯಾಡ. ಮನ್ಯಾಗೆ ಎಲ್ರೂ ಚೆನ್ನಾಗೈತೆ ಅಂದಾರೆ. ಕುಕ್ಕುವಾಡದಾಗೆ ನನ್ನ ತಮ್ಮ ಇನ್ನೊಂದ್ ಡಬ್ಬಿ ಕೇಳ್ಯಾನೆ."

"ಏನ್ರೀ, ಇಲ್ ಬರ್ರಿ. ಬಾಯಿ ತೆರೀರಿ."

ಜಮಾಲುದ್ದೀನ್ ಸೂಜಿ ಇಟ್ಟು ಬಾಯಿ ತೆರೆದ. ಮುಚ್ಚಿದ. ಅವನು ಸಭ್ಯ ಮನುಷ್ಯ. ಏನೂ ಹೇಳದೆ ಬಚ್ಚಲ ಕಡೆ ನಡೆದ.

ಅಕ್ಕನಾಗಮ್ಮನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು. ತಟ್ಟೆಯ ಮುಂದೆ ಮೂವರ ಮುಖ, ಗಿಡ್ಡಪ್ಪನ ಆಣೆ, ಎಲ್ಲ ನೆನಪಾಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಾ ನಗುತ್ತಾ ಒಮ್ಮೆಲೇ ನಿಂತಳು.

"ಹಜೀರಾ, ಇಷ್ಟ್ ಕೆಟ್ಟ ಖಾರನ ಕಣ್ಣಾಗೆ ಕಣ್ಣಿಟ್ಟು ಚೆನ್ನಾಗೈತೆ ಅಂದೋರು, ಸ್ಕ್ಯಾನ್ ಚೆನ್ನಾಗೈತೆ ಅಂದಿದ್ನ ಹೆಂಗೆ ನಂಬ್ಲಿ ನಾನು?"

ಹಜೀರಾಬೀ ಡಬ್ಬಿಯ ಮುಚ್ಚಳ ಹಾಕಿದಳು. ಗೆಳತಿಯ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಆಮೇಲೆ ಗಂಡನಿಗೆ ಹೇಳಿದಳು, "ಇವಳ ಮಗನಿಗೆ ಫೋನ್ ಹಾಕ್ರಿ. ಬರ್ಲಿ ಎಲ್ರೂ."

ಎಲ್ಲರೂ ಆಗಲೇ ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ ಹುಡುಕುತ್ತಿದ್ದರು. ಫೋನು ಮಾಡಿ ಟೀ ಸೋಸುವುದರೊಳಗೆ ಎಂಬಂತೆ ಕಾರು ಬಂದು ನಿಂತಿತು. ವಾಣಿಯ ಕೂದಲು ಇನ್ನೂ ಒದ್ದೆ, ಬಾಚಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ ಅತ್ತೆ..." ಎಂದು ಶುರುವಾದ ಅವಳ ದನಿ ಏರುವಷ್ಟರಲ್ಲಿ ಬಕ್ಕೇಶಪ್ಪ ಕೆಮ್ಮಿದ. ವಾಣಿ ದನಿ ಇಳಿಸಿದಳು. "ಹೋಗ್ಲಿ ಬಿಡ್ರಿ. ಮನಸ್ಸಿಗೆ ಆರಾಮ ಆಯ್ತಲ್ಲ."

ಹಜೀರಾಬೀ ಎಲ್ಲರನ್ನೂ ಗಾದಿಗಳ ಮೇಲೆ ಕೂಡಿಸಿ, ಟೀ ಮಂಡಕ್ಕಿ ಇಟ್ಟಳು. ಬಕ್ಕೇಶಪ್ಪ ಬೆಳಿಗ್ಗೆಯಿಂದ ಉಪವಾಸ. ಎರಡು ಕೈಯಲ್ಲಿ ಮಂಡಕ್ಕಿ ಮುಕ್ಕತೊಡಗಿದ.

ಅಕ್ಕನಾಗಮ್ಮ ಡಬ್ಬಿ ತೆಗೆದು ಸೊಸೆಯ ಅಂಗೈಗೆ ಒಂದು ಚಮಚ ಖಾರ ಹಾಕಿದಳು. "ತಿನ್ನು. ಹೆಂಗೈತೆ ಹೇಳು."

ವಾಣಿ ನೆಕ್ಕಿದಳು. ಕಣ್ಣಲ್ಲಿ ನೀರಾಡಿತು. "ಚೆನ್ನಾಗೈತೆ ಅತ್ತೆ."

"ಇನ್ನೊಂದ್ ಚಮಚ ಹಾಕ್ಲಾ?"

ಬಸವಕಿರಣ್ ನಡುವೆ ಬಂದ. "ಅಮ್ಮ, ಅವಳಿಗೆ ಹೊಟ್ಟೆ..."

"ನೀನ್ ಬಾಯ್ಮುಚ್ಚು. ಹೇಳು ವಾಣಿ."

"ಬಾಳ ಚೆ..." ಎಂದವಳು ಅಲ್ಲಿಗೆ ನಿಂತಳು. ಎಷ್ಟೋ ತಿಂಗಳಿಂದ ಒತ್ತಿ ಹಿಡಿದದ್ದು ಒಮ್ಮೆಲೇ ಹೊರಗೆ ಬಂತು. "ಕಹಿ ಐತ್ರಿ! ಬಾಯಿಗ್ ಇಡಾಕಾಗಲ್ಲ! ಮೂರು ವಾರದಿಂದ ಮೊಸರನ್ನ ತಿಂದು ತಿಂದು ಸಾಕಾಗೈತೆ ನಂಗೆ. ಮಾವಾರು ದಿನಾ ಬೆಣ್ಣೆ ದೋಸೆ ತಿಂದು ಬರ್ತಾರೆ, ಇವ್ರು ಮಿರ್ಚಿ ತಿಂದು ಬರ್ತಾರೆ, ನಾನೊಬ್ಳೇ ಮನ್ಯಾಗೆ ಕೂತು ಹೊಗಳ್ಬೇಕು!"

"ಬೆಣ್ಣೆ ದೋಸೆನಾ? ಶುಗರ್ ಇಟ್ಕೊಂಡು?" ಅಕ್ಕನಾಗಮ್ಮ ಗಂಡನ ಕಡೆ ತಿರುಗಿದಳು. ಬಕ್ಕೇಶಪ್ಪನ ಮಂಡಕ್ಕಿಯ ಕೈ ಅರ್ಧದಲ್ಲಿ ನಿಂತಿತು.

"ಮತ್ತೆ ನೀವ್ ತಿಂತಿದ್ರಲ್ಲ ಅತ್ತೆ, ನಿಮ್ಗೆ ಗೊತ್ತಾಗ್ಲಿಲ್ವಾ?"

"ನನ್ನ ನಾಲಿಗೆ ಹೋಗಿ ಯಾವ ಕಾಲ ಆಯ್ತು. ಉಪ್ಪು ಯಾವ್ದು, ಬೆಲ್ಲ ಯಾವ್ದು ಗೊತ್ತಾಗಲ್ಲ ನಂಗೆ."

ವಾಣಿ ದಂಗಾದಳು. "ಹಂಗಾದ್ರೆ ದಿನಾ ನನ್ನ ಅಡಿಗೆ ಚೆನ್ನಾಗೈತೆ ಅಂತಿದ್ರಲ್ಲ? ಕೊನೆಗೂ ಒಪ್ಕೊಂಡ್ರು ಅಂತ ನಮ್ಮ ತಂಗಿಗೆಲ್ಲ ಫೋನ್ ಮಾಡಿ ಹೇಳಿದ್ದೆ ನಾನು!"

ಜಮಾಲುದ್ದೀನ್ ತಲೆ ಬಗ್ಗಿಸಿ ಹತ್ತಿಯೊಳಗೆ ನಕ್ಕ. ಅಕ್ಕನಾಗಮ್ಮ ನಗಲಿಲ್ಲ.

"ಖಾರದ್ದು ಆಯ್ತು. ಈಗ ಸ್ಕ್ಯಾನಿಂದು ಹೇಳ್ರಿ."

ಬಸವಕಿರಣ್ ತಾಯಿಯ ಹತ್ತಿರ ಬಂದು ಕೂತ. "ಅಮ್ಮ, ಬಸವಣ್ಣನಾಣೆ, ಕ್ಲೀನ್ ಐತೆ."

"ಖಾರಕ್ಕೂ ಇದೇ ಬಾಯಾಗೆ ಸೂಪರ್ ಅಂದ್ಯಲ್ಲೋ."

"ರಿಪೋರ್ಟ್ ತೋರಿಸ್ತೀನಿ."

"ಇಂಗ್ಲಿಷಿಂದು ತೋರ್ಸಿ ಏನ್ ಮಾಡ್ತಿ? ಅದನ್ನೂ ನೀನೇ ಓದಿ ಹೇಳ್ಬೇಕು." ಅವಳು ಮೂವರ ಕಡೆಗೂ ತಿರುಗಿದಳು. "ನಿಮ್ಮ ಮೂರು ಜನದಾಗೆ ನಾನು ಯಾರ ಮಾತು ನಂಬ್ಲಿ ಹೇಳ್ರಿ. ಇದ್ರೆ ಐತೆ ಅನ್ರಿ. ನನ್ನ ದೇಹ ಅದು. ಅದರಾಗೆ ಏನ್ ನಡದೈತೆ ಅಂತ ನಂಗೊಬ್ಳಿಗೇ ಗೊತ್ತಿಲ್ಲ."

ಬಕ್ಕೇಶಪ್ಪ ಕಣ್ಣೊರೆಸಿಕೊಂಡ. ಆಣೆ ಇಡಲು ಅವನಿಗೆ ಧೈರ್ಯ ಸಾಲಲಿಲ್ಲ. ಒಳ್ಳೆಯ ಸುದ್ದಿಯನ್ನು ನಂಬಿಸುವುದು ಇಷ್ಟು ಕಷ್ಟವಾಗುತ್ತದೆ ಎಂದು ಆ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ.

ವಾಣಿ ಎದ್ದು ಅಂಗೈ ತೊಳೆದುಕೊಂಡು ಬಂದು ಅತ್ತೆಯ ಎದುರಿಗೆ ಕೂತಳು. ಒದ್ದೆ ಕೂದಲು ಗಂಟು ಹಾಕಿದಳು. ಜಗಳಕ್ಕೆ ಇಳಿಯುವ ಮುಂಚೆ ಅವಳು ಮಾಡುತ್ತಿದ್ದುದು ಹೀಗೇ.

"ಸರಿ. ಇವತ್ತು ಎಲ್ಲ ಹೇಳಿಬಿಡ್ತೀನಿ. ಆಮೇಲೆ ನಂಬ್ತೀರೋ ಬಿಡ್ತೀರೋ ನಿಮ್ಗೆ ಬಿಟ್ಟಿದ್ದು. ದೀಪಾವಳಿಗೆ ನೀವು ಕೊಟ್ಟ ಇಳಕಲ್ ಸೀರೆ ನಾನುಟ್ಕೊಂಡಿಲ್ಲ. ತಂಗಿಗೆ ಕೊಟ್ಟೆ."

"ಏನಂದಿ?"

"ಬಣ್ಣ ನಂಗೆ ಹಿಡಿಸ್ಲಿಲ್ಲ. ಆ ಹಳದಿ ಪರದೆ ನನ್ನ ರೂಮಿನಾಗೆ ಹಾಕ್ಕೊಂಡೀನಿ, ಅದು ಚೆನ್ನಾಗೇ ಐತೆ. ಮಲೆಬೆನ್ನೂರಿನ ಅತ್ತೆ ಬಂದು ಮಂಚದ ಹತ್ರ ಕೂತು ಗೊಳೋ ಅಂತ ಅತ್ರಲ್ಲ, ಆಮೇಲೆ ನಿಮ್ಗೆ ಯಾರೂ ನೋಡಾಕೆ ಬರ್ಲಿಲ್ಲ ಅಂತ ಬೇಜಾರಾಗಿತ್ತು. ಬರೋರನ್ನೆಲ್ಲ ಗೇಟಿನಾಗೇ ನಾನೇ ವಾಪಸ್ ಕಳ್ಸಿದ್ದು."

"ವಾಣಿ, ಸಾಕು" ಎಂದ ಬಸವಕಿರಣ್.

"ಸಾಕಾಗಿಲ್ಲ. ಅತ್ತೆ, ನೀವು ಆಸ್ಪತ್ರೆಯಾಗೆ ಇದ್ದಾಗ ಎಲ್ರೂ ಪಾಪ ಅತ್ತೆ, ಪಾಪ ಅತ್ತೆ ಅಂತಿದ್ರು. ಮನೆ, ಸ್ಕೂಲು, ಆಸ್ಪತ್ರೆ ಊಟದ ಕ್ಯಾರಿಯರು, ಎಲ್ಲ ನನ್ನ ತಲೆ ಮ್ಯಾಲೆ. ಒಂದಿನ ಬಚ್ಚಲದಾಗೆ ನಲ್ಲಿ ಬಿಟ್ಕೊಂಡು ಅತ್ತೀನಿ. ನಿಮ್ಗೋಸ್ಕರ ಅಲ್ಲ. ನನ್ಗೋಸ್ಕರ. ನಿಮ್ಮ ಮ್ಯಾಲೆ ಅಷ್ಟು ಸಿಟ್ಟು ಬಂದಿತ್ತು ನಂಗೆ."

ಹಜೀರಾಬೀ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದಳು. ಅಕ್ಕನಾಗಮ್ಮ ಸೊಸೆಯನ್ನೇ ನೋಡುತ್ತಿದ್ದಳು. ಸೀರೆಯ ಮಾತಿಗೆ ಕೆಂಪಾಗಿದ್ದ ಮುಖ ಈಗ ಬೇರೆಯಾಗಿತ್ತು. ಇಷ್ಟು ದಿನದಲ್ಲಿ ಕಿವಿಗೆ ಬಿದ್ದ ಮೊದಲನೇ ಗಟ್ಟಿ ಮಾತು ಅದು. ನೋವಾಯಿತು. ಆ ನೋವಿನಲ್ಲೇ ಅವಳಿಗೆ ಕಾಲೂರಲು ನೆಲ ಸಿಕ್ಕಂತಾಯಿತು.

"ಬರ್ದೇ ಏನ್ ಮಾಡ್ತದೆ ಸಿಟ್ಟು" ಎಂದಳು ಮೆಲ್ಲಗೆ. "ನಂಗೂ ನನ್ನ ಮ್ಯಾಲೆ ಬಂದಿತ್ತು. ಹೂಂ, ಸ್ಕ್ಯಾನ್ ಹೇಳು."

"ಸ್ಕ್ಯಾನಿನಾಗೆ ಏನೂ ಇಲ್ರಿ. ಎಷ್ಟು ಸಲ ಹೇಳ್ಬೇಕು ನಿಮ್ಗೆ? ಏನೂ ಇಲ್ಲ ಅಂದ್ರೆ ಏನೂ ಇಲ್ಲ. ಆದ್ರೆ ಡಾಕ್ಟ್ರು ಇನ್ನೊಂದ್ ಮಾತು ಹೇಳ್ಯಾರೆ..."

"ವಾಣಿ!" ಬಸವಕಿರಣ್ ಎದ್ದೇಬಿಟ್ಟ. ಕೈಯಲ್ಲಿದ್ದ ಟೀ, ಗಿರಾಕಿಗೆ ಮಾರಿಟ್ಟ ಗಾದಿಯ ಮೇಲೆ ಚೆಲ್ಲಿತು. "ಅದೊಂದು ಬ್ಯಾಡ ಅಂದಿದ್ದೆ ನಾನು!"

"ಇದು ವಾಪಸ್ ಬರೋದೇ ಇಲ್ಲ ಅಂತ ಹೇಳಾಕಾಗಲ್ಲಂತೆ" ಎಂದಳು ವಾಣಿ, ಗಂಡನ ಕಡೆ ನೋಡದೆ. "ಬರ್ಬೋದು, ಬರ್ದೇನೂ ಇರ್ಬೋದು. ಸದ್ಯಕ್ಕೆ ಇಲ್ಲ. ಮೂರ್ ಮೂರ್ ತಿಂಗಳಿಗೆ ತೋರಿಸ್ಬೇಕು. ಅಷ್ಟೇ ಅವರು ಹೇಳಿದ್ದು. ಇನ್ ನನ್ನ ಹತ್ರ ಮುಚ್ಚಿಡೋದು ಏನೂ ಉಳಿದಿಲ್ಲ."

ಅಕ್ಕನಾಗಮ್ಮ ಮಗನ ಮುಖ ನೋಡಿದಳು. ಬಿಳುಚಿಕೊಂಡು ನಿಂತಿದ್ದ. ಗಂಡನನ್ನು ನೋಡಿದಳು. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದ. ಇವರು ಇಷ್ಟು ತಿಂಗಳು ಹೆದರಿ ಮುಚ್ಚಿಟ್ಟದ್ದು ಇದನ್ನೇ, ಇಷ್ಟನ್ನೇ. ಇದಕ್ಕಿಂತ ದೊಡ್ಡದು ಇವರ ಹತ್ತಿರ ಇಲ್ಲ. ಅವಳು ಉಸಿರು ಬಿಟ್ಟಳು. ಆಮೇಲೆ ಅತ್ತಳು, ಯಾರಿಗೂ ಮರೆಮಾಡದೆ, ಸೆರಗು ಮುಖಕ್ಕೆ ಹಿಡಿಯದೆ.

"ನೋಡ್ದ್ಯಾ?" ಬಸವಕಿರಣ್ ಹೆಂಡತಿಗೆ ಗದರಿದ. "ಹೆದರಿಸಿಬಿಟ್ಟಿ ಅಮ್ಮನ್ನ."

"ಹೆದ್ರಿಕೆ ಆಗೈತೋ" ಎಂದಳು ಅಕ್ಕನಾಗಮ್ಮ, ಮೂಗು ಒರೆಸಿಕೊಳ್ಳುತ್ತಾ. "ಆಗ್ದೇ ಇರ್ತದಾ? ಆದ್ರೆ ಎಷ್ಟು ಹೆದರ್ಬೇಕು ಅನ್ನೋದು ಇವತ್ತು ಗೊತ್ತಾಯ್ತು. ನಿನ್ನೆ ತನ್ಕ ಅಳತೆನೇ ಇರ್ಲಿಲ್ಲ."

ಹಜೀರಾಬೀ ಟೀ ಕುಡಿದ ಗಾದಿಯನ್ನು ನೋಡಿ ಗಂಡನಿಗೆ, "ಇದು ಇವರಿಗೇ ಮಾರ್ರಿ" ಎಂದಳು. ಬಕ್ಕೇಶಪ್ಪ ಒಪ್ಪಿ ದುಡ್ಡು ಎಣಿಸಿದ. ಗಾದಿಯನ್ನು ಕಾರಿನ ಮೇಲೆ ಹಗ್ಗ ಹಾಕಿ ಕಟ್ಟಿದರು. ಹೊರಡುವಾಗ ಅಕ್ಕನಾಗಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಮುಂದಿನ ಸಲ ಯಾವಾಗ ತೋರಿಸ್ಬೇಕು?"

"ಜೂನ್ ಕೊನೆಗೆ ಅಮ್ಮ" ಎಂದ ಮಗ. "ನಾನು ಅಪ್ಪ ಹೋಗಿ ಡಾಕ್ಟ್ರ ಹತ್ರ ಮಾತಾಡಿ..."

"ನೀವು ಹೊರಗೆ ಕೂಡ್ರಿ" ಎಂದಳು ಅಕ್ಕನಾಗಮ್ಮ. "ಒಳಗೆ ನಾನು, ವಾಣಿ ಹೋಗ್ತೀವಿ. ಹೊರಗ್ ಬಂದ ಮ್ಯಾಲೆ ನಿಮ್ಮ ಮನಸ್ಸಿಗೆ ನೋವಾಗ್ದಂಗೆ ಎಷ್ಟು ಹೇಳ್ಬೇಕೋ ಅಷ್ಟು ನಾವು ಹೇಳ್ತೀವಿ."